ಡೊಂಬಿವಲಿ–ಬಿಕೆಸಿ ಓಡಾಟದ ನಡುವೆ ವ್ಯಾಯಾಮ: ಉಮೇದು ಮೂರು ವಾರಕ್ಕೇ ಇಳಿಯುತ್ತದೆ, ಏನು ಮಾಡುವುದು?

(ಒಂದು ಪ್ರಶ್ನೆ, ಅದಕ್ಕೆ ಬಂದ ಉತ್ತರಗಳು. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

7:22ರ ಲೋಕಲ್

ಪ್ರಾಯ 41, ಎತ್ತರ 168 ಸೆಂಮೀ, ತೂಕ 84 ಕೆಜಿ. ಮನೆ ಮುಂಬೈ ಹತ್ತಿರದ ಡೊಂಬಿವಲಿ ಪೂರ್ವ, ಸ್ಟೇಷನ್ನಿನಿಂದ 1.8 ಕಿಮೀ. ಕೆಲಸ ಮುಂಬೈಯ ಬಿಕೆಸಿಯಲ್ಲಿ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್), ಶನಿವಾರ-ಭಾನುವಾರ ರಜೆ. ಬೆಳಿಗ್ಗೆ 5:45ಕ್ಕೆ ಏಳುವುದು, 7ಕ್ಕೆ ಶೇರ್ ರಿಕ್ಷಾ, 7:22ರ ಗಾಡಿ, ಕುರ್ಲಾದಲ್ಲಿ ಇಳಿದು ಮತ್ತೆ ಶೇರ್ ರಿಕ್ಷಾ. ರಾತ್ರಿ ಡೊಂಬಿವಲಿಯಲ್ಲಿ ಇಳಿಯುವಾಗ 8:15, ರಿಕ್ಷಾದ ಕ್ಯೂ ಮುಗಿಸಿ ಮನೆ ಮುಟ್ಟುವಾಗ 8:35. ಊಟ 9ಕ್ಕೆ. ಮಲಗುವಾಗ 12.

ಬಿಲ್ಡಿಂಗ್ 7 ಮಹಡಿಯದ್ದು, ಲಿಫ್ಟ್ ಉಂಟು. ಜಿಮ್ಮಿಗೆ ವರ್ಷದ ಫೀಸು ಕಟ್ಟಿ ಆಗಿದೆ, ಮೂರು ವಾರಕ್ಕೆ ನಿಂತಿತು. ಬೆಳಿಗ್ಗೆ 5ಕ್ಕೆ ಎದ್ದು ಓಡುವುದು ಹತ್ತು ದಿನ. ಮನೆಯಲ್ಲಿ ಯೂಟ್ಯೂಬ್ ಹಾಕಿಕೊಂಡು ಕುಣಿಯುವುದು ಒಂದು ವಾರ. ಶುಗರ್ ಗಡಿಯಲ್ಲಿದೆ ಎಂದಿದ್ದಾರೆ, ಬಿಪಿ ಸರಿ ಇದೆ, ಮಾತ್ರೆ ಯಾವುದೂ ಇಲ್ಲ.

ಶುರು ಮಾಡುವುದು ಗೊತ್ತಿದೆ. ಶುರು ಮಾಡಿದ್ದನ್ನು ನಾಲ್ಕನೇ ವಾರಕ್ಕೆ ದಾಟಿಸುವುದು ಹೇಗೆ? "ಮನಸ್ಸು ಮಾಡಿದರೆ ಆಗುತ್ತದೆ" ಎಂಬ ಉತ್ತರ ದಯವಿಟ್ಟು ಬೇಡ, ಅದು ಮನೆಯಲ್ಲೇ ದಿನಾ ಸಿಗುತ್ತದೆ.

ಗೋಡೆ ಕ್ಯಾಲೆಂಡರ್

ನೀವೇ ಬರೆದ ಎರಡು ಅಂಕಿ ನೋಡಿ ಮಾರಾಯ್ರೆ: 8:15 ಮತ್ತು 8:35. ಕ್ಯೂ, ರಿಕ್ಷಾ, ಟ್ರಾಫಿಕ್ ಎಲ್ಲ ಸೇರಿ 1.8 ಕಿಮೀಗೆ 20 ನಿಮಿಷ. ಗಂಟೆಗೆ 5 ಕಿಮೀಯ ಹಾಗೆ ನಡೆದರೆ 22 ನಿಮಿಷ. ನಿಮ್ಮ ದಿನದಲ್ಲಿ ವ್ಯಾಯಾಮಕ್ಕೆ ಬೇಕಾದ ಹೆಚ್ಚುವರಿ ಸಮಯ ಎರಡು ನಿಮಿಷ, ಅಷ್ಟೆ.

ವಾರಕ್ಕೆ ಐದು ದಿನ 22 ಅಂದರೆ 110 ನಿಮಿಷ. ಭಾನುವಾರ ಒಂದು 40. ಒಟ್ಟು 150. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ದೊಡ್ಡವರಿಗೆ ಹೇಳಿರುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ. ಕೆಳಗಿನ ಗೆರೆ ಮುಟ್ಟಿಯಾಯಿತು. ಮಧ್ಯಮ ಶ್ರಮ ಅಂದರೆ ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಫೋನಿನಲ್ಲಿ ರೀಲ್ಸ್ ನೋಡುತ್ತ ನಡೆಯುವುದು ಇದರಲ್ಲಿ ಬರುವುದಿಲ್ಲ.

ಇನ್ನು ಹಳೆಯ ಮೂರು ಪ್ರಯತ್ನ ಯಾಕೆ ಕೈಕೊಟ್ಟವು ಎಂಬುದು. 12ಕ್ಕೆ ಮಲಗಿ 5ಕ್ಕೆ ಏಳುವವರ ನಿದ್ದೆ ಐದೇ ಗಂಟೆ. ಮೊದಲ ಹತ್ತು ದಿನ ಉಮೇದು ಎಳೆಯುತ್ತದೆ, ಆಮೇಲೆ ಸಾಲ ವಸೂಲಿಗೆ ಬರುತ್ತದೆ. ನಿದ್ದೆ ಕಡಿಮೆಯಾದಾಗ ಹಸಿವೂ ಹೆಚ್ಚು, ಸಿಹಿ-ಕರಿದದ್ದರ ಮೇಲೆ ಕಣ್ಣೂ ಹೆಚ್ಚು. ಜಿಮ್ ಮತ್ತು ಯೂಟ್ಯೂಬಿನ ಕತೆ ಬೇರೆ: ಎರಡಕ್ಕೂ ನೀವು ಒಮ್ಮೆ ಮನೆಯೊಳಗೆ ಬಂದು, ಶರ್ಟು ಬಿಚ್ಚಿ, ಮಕ್ಕಳ ಮುಖ ನೋಡಿ, ಆಮೇಲೆ "ಈಗ ಎದ್ದು ಹೋಗಬೇಕು" ಎಂದು ತೀರ್ಮಾನಿಸಬೇಕು. ಇಡೀ ದಿನದಲ್ಲಿ ಮನುಷ್ಯ ಅತಿ ಸೋತಿರುವ ಗಳಿಗೆಗೆ ಅತಿ ಕಷ್ಟದ ತೀರ್ಮಾನವನ್ನು ಇಟ್ಟ ಹಾಗಾಯಿತು. ಸ್ಟೇಷನ್ನಿನಿಂದ ನಡೆಯುವುದಕ್ಕೆ ಆ ತೀರ್ಮಾನವೇ ಇಲ್ಲ, ಹೇಗೂ ಮನೆಗೆ ಹೋಗಲೇಬೇಕು.

ಮಾಡುವ ಕ್ರಮ ಹೀಗೆ:

ಒಂದೇ ಒಂದು ವಾಕ್ಯ ಬರೆದಿಡಿ: "ಡೊಂಬಿವಲಿಯಲ್ಲಿ ಇಳಿದ ಕೂಡಲೇ ಸೇತುವೆ ಹತ್ತಿ, ರಿಕ್ಷಾ ಸ್ಟ್ಯಾಂಡ್ ಇಲ್ಲದ ಕಡೆ ಇಳಿದು, ನಡೆದು ಹೋಗುವುದು." ಎಲ್ಲಿ, ಯಾವಾಗ, ಏನು ಮಾಡುವುದು ಎಂದು ಮೊದಲೇ ಕಟ್ಟಿಟ್ಟ ಯೋಜನೆ ಬರೀ "ಇನ್ನು ವ್ಯಾಯಾಮ ಮಾಡುತ್ತೇನೆ" ಎಂಬ ಸಂಕಲ್ಪಕ್ಕಿಂತ ಗಟ್ಟಿ ಎಂಬುದನ್ನು ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಲ್ಲೇ ತೋರಿಸಿದ್ದಾರೆ. ರಿಕ್ಷಾ ಸ್ಟ್ಯಾಂಡ್ ಕಣ್ಣಿಗೆ ಬೀಳದ ಹಾದಿ ಮುಖ್ಯ. ಕ್ಯೂ ಖಾಲಿ ಇದ್ದ ದಿನವೇ ಕಾಲು ಆ ಕಡೆ ತಿರುಗುವುದು.

ಕಾಲಿಗೆ ನಡೆಯುವ ಶೂ ಬೆಳಿಗ್ಗೆಯೇ ಇರಲಿ. ಆಫೀಸಿನ ಚರ್ಮದ ಶೂ ಆಫೀಸಿನ ಡ್ರಾಯರಿನಲ್ಲಿ. ಬ್ಯಾಗ್ ಎರಡೂ ಹೆಗಲಿಗೆ.

ಬೆಳಗ್ಗಿನ ನಡಿಗೆಗೆ ಮೊದಲ ಆರು ವಾರ ಕೈ ಹಾಕಬೇಡಿ. ಆಸೆ ಆಗುತ್ತದೆ, ಗೊತ್ತು. ಬೆವತುಕೊಂಡು 7:22ರ ಡಬ್ಬಿಯಲ್ಲಿ ನುಗ್ಗಿ ನಿಂತರೆ ಮೂರನೇ ದಿನಕ್ಕೆ ಬೇಡವಾಗುತ್ತದೆ, ಅದರ ಜೊತೆ ಸಂಜೆಯದ್ದೂ ಹೋಗುತ್ತದೆ.

ಮೂರು ಅಳತೆ ಇಟ್ಟುಕೊಳ್ಳಿ. ಪೂರ್ತಿ: ಮನೆವರೆಗೆ. ಅರ್ಧ: ಅರ್ಧ ದಾರಿ ನಡೆದು ಅಲ್ಲಿಂದ ರಿಕ್ಷಾ. ಹೆಸರಿಗೆ: ಬಿಲ್ಡಿಂಗಿನ ಗೇಟಿನೊಳಗೆ ಐದು ನಿಮಿಷ. ಮೂರಕ್ಕೂ ಗೋಡೆಯ ಕ್ಯಾಲೆಂಡರಿನಲ್ಲಿ ಒಂದೇ ಗುರುತು, ದೊಡ್ಡದು-ಸಣ್ಣದು ಎಂಬ ಭೇದ ಬೇಡ. ಗಾಡಿ ತಡ, ತಲೆನೋವು, ಬಾಸಿನ ಕಿರಿಕಿರಿ ಇದ್ದ ದಿನ "ಹೆಸರಿಗೆ" ಮಾಡಿ ಗುರುತು ಹಾಕಿ. ಒಂದು ದಿನ ಪೂರ್ತಿ ತಪ್ಪಿತೋ, ತಪ್ಪಿತು. ಸತತ ಎರಡು ದಿನ ತಪ್ಪಿಸಬೇಡಿ.

"21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ" ಎಂಬುದನ್ನು ನಂಬಿದ್ದರೆ ಬಿಟ್ಟುಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನು ಗಮನಿಸಿದಾಗ ಒಂದು ರೂಢಿ ತಾನಾಗಿ ನಡೆಯುವ ಹಂತಕ್ಕೆ ಬರಲು ಮಧ್ಯಮ ಲೆಕ್ಕದಲ್ಲಿ 66 ದಿನ ಹಿಡಿದಿತ್ತು. ಕೆಲವರಿಗೆ 18, ಕೆಲವರಿಗೆ 254 ದಿನದ ಅಂದಾಜು. ತಿನ್ನುವ-ಕುಡಿಯುವ ರೂಢಿಗಿಂತ ವ್ಯಾಯಾಮದ್ದಕ್ಕೆ ಹೆಚ್ಚು ದಿನ ಬೇಕಾಯಿತು. ಒಂದು ದಿನ ತಪ್ಪಿದ್ದರಿಂದ ಹೇಳುವಂಥ ನಷ್ಟ ಆಗಲಿಲ್ಲ. ನೀವು 21ನೇ ದಿನಕ್ಕೆ ಜಿಮ್ ಬಿಟ್ಟದ್ದು, ಮುಕ್ಕಾಲು ಬೆಂದ ಅನ್ನವನ್ನು ಒಲೆಯಿಂದ ಇಳಿಸಿದ ಹಾಗೆ. ಅಲ್ಲ, ಕಾಲು ಬೆಂದದ್ದು.

ತಕ್ಕಡಿ

ಮೇಲಿನವರು ಹೇಳಿದ್ದು ಪೂರ್ತಿ ಸರಿ, ಆದರೆ ಅದರಿಂದಲೇ ತೂಕ ಇಳಿಯುತ್ತದೆ ಎಂದುಕೊಂಡರೆ ಎರಡು ತಿಂಗಳಿಗೆ ಮತ್ತೆ ಇಲ್ಲೇ ಬಂದು ಕೇಳುತ್ತೀರಿ. ಲೆಕ್ಕ ಹಾಕೋಣ.

84 ಕೆಜಿಯ ಮನುಷ್ಯ 22 ನಿಮಿಷ ಬೀಸಾಗಿ ನಡೆದರೆ, ಸುಮ್ಮನೆ ಕೂತಾಗ ಖರ್ಚಾಗುವುದನ್ನು ಕಳೆದು, ಹೆಚ್ಚುವರಿ ಖರ್ಚು ಸುಮಾರು 77 ಕ್ಯಾಲೊರಿ. ಒಂದು ಕಿಲೋ ಕೊಬ್ಬಿಗೆ ಸುಮಾರು 7,700. ಅಂದರೆ ನೂರು ನಡಿಗೆಗೆ ಒಂದು ಕಿಲೋ. ಕುರ್ಲಾ ಸ್ಟೇಷನ್ನಿನ ಹೊರಗೆ ನಿಂತು ತಿನ್ನುವ ಒಂದು ವಡಾ ಪಾವ್ ಸುಮಾರು 300 ಕ್ಯಾಲೊರಿ, ನಾಲ್ಕು ದಿನದ ನಡಿಗೆ ಮೂರು ನಿಮಿಷಕ್ಕೆ ವಾಪಸ್. ಟ್ರೆಡ್‌ಮಿಲ್ಲಿನ ಪರದೆಯಲ್ಲಿ ಕಾಣುವ ಅಂಕಿಯನ್ನು ನಂಬಿ ತಿನ್ನುವುದು ಈ ಊರಿನ ಜಿಮ್ಮುಗಳಲ್ಲಿ ತೂಕ ಇಳಿಯದಿರಲು ದೊಡ್ಡ ಕಾರಣ ಎಂಬುದು ನನ್ನ ಅಭಿಪ್ರಾಯ. ಅದು ಕೂತಾಗಿನ ಖರ್ಚನ್ನೂ ಸೇರಿಸಿಯೇ ತೋರಿಸುತ್ತದೆ.

ಹಾಗಾಗಿ ಎರಡನ್ನೂ ಬೇರೆ ಬೇರೆ ಖಾತೆಯಲ್ಲಿ ಇಡಿ. ನಡಿಗೆಯ ಖಾತೆ ಶುಗರ್, ನಿದ್ದೆ, ಮನಸ್ಸು, ಇಳಿದ ತೂಕ ಮತ್ತೆ ಏರದಂತೆ ತಡೆಯುವುದು. ತೂಕದ ಖಾತೆ ತಟ್ಟೆ. ನಡೆದದ್ದಕ್ಕೆ ತಕ್ಕಡಿ ಸಂಬಳ ಕೊಡಬೇಕು ಎಂದು ಕಾಯುವವರು ಬೇಗ ನಡಿಗೆ ಬಿಡುತ್ತಾರೆ, ಯಾಕೆಂದರೆ ಅದು ಸರಿಯಾಗಿ ಕೊಡುವುದೇ ಇಲ್ಲ.

ತಟ್ಟೆಯಲ್ಲಿ ಎಲ್ಲಿ ಕೈ ಹಾಕುವುದು? ದಿನಕ್ಕೆ 400 ಕ್ಯಾಲೊರಿ ಕಡಿಮೆ ಮಾಡಿದರೆ ಲೆಕ್ಕದ ಪ್ರಕಾರ ವಾರಕ್ಕೆ ಸುಮಾರು 350 ಗ್ರಾಂ. ಮೊದಲು ಮನೆಯ ಎಣ್ಣೆ ಅಳೆಯಿರಿ. ನಾಲ್ಕು ಜನರ ಮನೆಗೆ ತಿಂಗಳಿಗೆ 5 ಲೀಟರಿನ ಕ್ಯಾನ್ ಮುಗಿದರೆ ತಲೆಗೆ ದಿನಕ್ಕೆ ಸುಮಾರು 42 ಮಿಲಿ, ಎಣ್ಣೆಯಿಂದಲೇ 345 ಕ್ಯಾಲೊರಿ. ಮೂರೂವರೆ ಲೀಟರಿಗೆ ಇಳಿಸಿದರೆ 100ರಷ್ಟು ಕಡಿಮೆ, ರುಚಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಮಾಡುವ ವಿಧಾನ ಸರಳ: ತಿಂಗಳ ಮೊದಲ ದಿನ ಮೂರೂವರೆ ಲೀಟರ್ ಬೇರೆ ಪಾತ್ರೆಗೆ ಸುರಿದು ಉಳಿದದ್ದನ್ನು ಮೇಲಿನ ಕಪಾಟಿನಲ್ಲಿ ಇಡಿ, ಬಾಣಲೆಗೆ ಚಮಚದಲ್ಲಿ ಹಾಕಿ, ಬಾಟಲಿಯಿಂದ ನೇರ ಸುರಿಯಬೇಡಿ.

ಎರಡನೆಯದು ಚಾ. ಒಂದು ಚಮಚ ಸಕ್ಕರೆ 5 ಗ್ರಾಂ ಎಂದರೆ 20 ಕ್ಯಾಲೊರಿ. ದಿನಕ್ಕೆ ನಾಲ್ಕು ಚಾ, ಎರಡೆರಡು ಚಮಚ, 160 ಆಯಿತು. ಒಮ್ಮೆಗೇ ಬಿಡಬೇಡಿ, ವಾರಕ್ಕೆ ಅರ್ಧ ಚಮಚದಂತೆ ಇಳಿಸಿ. ಟಪರಿಯ (ರಸ್ತೆ ಬದಿಯ ಚಾ ಅಂಗಡಿಯ) ಕಟಿಂಗ್‌ನಲ್ಲಿ, ಅಂದರೆ ಅರ್ಧ ಲೋಟದ ಚಾದಲ್ಲಿ, ಸಕ್ಕರೆ ನಿಮ್ಮ ಕೈಯಲ್ಲಿಲ್ಲ, ಅಲ್ಲಿ ಎಣಿಕೆಯನ್ನೇ ಇಳಿಸಿ.

ಮೂರನೆಯದು ಸಂಜೆ ಆರೂವರೆಯ ಹಸಿವು. ಮಧ್ಯಾಹ್ನ 1ಕ್ಕೆ ಉಂಡವನಿಗೆ ರಾತ್ರಿ 9ರವರೆಗೆ ಎಂಟು ಗಂಟೆ ಖಾಲಿ ಹೊಟ್ಟೆ. ವಡಾ ಪಾವ್ ಎದುರು ಯಾವ ಸಂಕಲ್ಪವೂ ನಿಲ್ಲುವುದಿಲ್ಲ. ಡಬ್ಬಾದ ಜೊತೆ 30 ಗ್ರಾಂ ಹುರಿಗಡಲೆ ಕಟ್ಟಿಕೊಂಡು ಹೋಗಿ, ಆಫೀಸಿನಿಂದ ಹೊರಡುವ ಮೊದಲು ಒಂದು ಲೋಟ ನೀರಿನ ಜೊತೆ ತಿನ್ನಿ. ಸುಮಾರು 110 ಕ್ಯಾಲೊರಿ, 6 ಗ್ರಾಂ ಪ್ರೋಟೀನ್. ಮನೆ ಮುಟ್ಟುವಾಗ ಹಸಿವು ಇರುತ್ತದೆ, ಹಪಹಪಿ ಇರುವುದಿಲ್ಲ.

ಅನ್ನ ಬಿಡಬೇಡಿ, ಅಳೆಯಿರಿ. 150 ಗ್ರಾಂ ಅನ್ನ ಸುಮಾರು 195 ಕ್ಯಾಲೊರಿ, ಕುಚ್ಚಲಕ್ಕಿ ಆದರೂ ಬೆಳ್ತಿಗೆ ಆದರೂ ಹೆಚ್ಚು ವ್ಯತ್ಯಾಸ ಇಲ್ಲ. ರಾತ್ರಿ ಒಂದು ಬಟ್ಟಲು ಸಾಕು, ಪಕ್ಕದಲ್ಲಿ ಹೆಸರುಕಾಳು, ಮೊಟ್ಟೆ ಅಥವಾ ಬಂಗುಡೆ. ಮೀನು ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿದ್ದಾದರೆ ಮೇಲಿನ ಎಣ್ಣೆಯ ಲೆಕ್ಕ ಮತ್ತೆ ತೆರೆಯಬೇಕಾಗುತ್ತದೆ.

ಜ್ವಾಳದ ರೊಟ್ಟಿ

ನಂದೊಂದು ತಕರಾರು ಅದ ನೋಡ್ರಿ. ರೂಢಿ-ಗೀಡಿ ಎಲ್ಲಾ ಖರೆ, ಆದರ ಮುಂದ ಒಂದು ತಾರೀಖು ಇರಲಿಲ್ಲಂದ್ರ ಮನಸ್ಸು ಸಡ್ಲ ಬೀಳ್ತದ. ಜನವರಿಯೊಳಗ ಮುಂಬೈ ಮ್ಯಾರಥಾನ್ ಇರ್ತದ, 2004ರಾಗ ಸುರು ಆಗಿದ್ದು. ಅದರಾಗ ಡ್ರೀಮ್ ರನ್ ಅಂತ ಸುಮಾರು 6 ಕಿಮೀದು ಒಂದು ಅದ, ನಡಕೋತ ಹೋದ್ರೂ ನಡೀತದ. ಹೆಸರು ಹಚ್ಚಿ ರೊಕ್ಕ ಕಟ್ಟಿಬಿಡ್ರಿ. ತಯಾರಿ ಭಾನುವಾರದ ನಡಿಗಿಯೊಳಗ ಆಗ್ತದ: 40 ನಿಮಿಷದಿಂದ ಸುರು ಮಾಡಿ ಎರಡು ವಾರಕ್ಕೊಮ್ಮೆ 5 ನಿಮಿಷ ಏರಿಸಿಕೋತ ಹೋಗ್ರಿ, 75ಕ್ಕ ನಿಲ್ಲಸ್ರಿ. ಓಡಬ್ಯಾಡ್ರಿ, 84 ಕಿಲೋದಾಗ ಓಡಿದ್ರ ಮೊಣಕಾಲಿನವರು ನಿಮ್ಮನ್ನ ಬೈತಾರ.

ಇನ್ನ ಊಟದ ಮಾತು. ಜ್ವಾಳದ ರೊಟ್ಟಿ ತಿಂದ್ರ ತೂಕ ಇಳೀತದ ಅಂತ ಮಂದಿ ನಾಲ್ಕ ನಾಲ್ಕು ಹೊಡೀತಾರ. (ನನ್ನ ಹೆಸರೇ ಅದು, ಆದ್ರೂ ಹೇಳ್ತೀನಿ.) ಒಂದು ರೊಟ್ಟಿಗೆ 60 ಗ್ರಾಂ ಹಿಟ್ಟು ಹಿಡದ್ರ 200 ಕ್ಯಾಲೊರಿ. ನಾಲ್ಕಕ್ಕ 800, ಮ್ಯಾಲ ಶೇಂಗಾ ಚಟ್ನಿ, ಅದರ ಮ್ಯಾಲ ಎಣ್ಣಿ. ಎರಡು ರೊಟ್ಟಿ, ಒಂದು ವಾಟಗ ಮಡಕಿಕಾಳಿನ ಪಲ್ಯ, ಹಸಿ ಸೌತಿಕಾಯಿ, ಮೊಸರು. ಅಷ್ಟಕ್ಕ ಕೈ ತೊಳಕೊಂಡ್ರ ರೊಟ್ಟಿದು ಏನೂ ತಪ್ಪಿಲ್ಲ.

ಗೋಡೆ ಕ್ಯಾಲೆಂಡರ್

ತಾರೀಖು ಒಳ್ಳೆಯದೇ, ತಕರಾರಿಲ್ಲ. ಒಂದೇ ಎಚ್ಚರ: ಓಟದ ಮರುದಿನಕ್ಕೆ ಏನು ಎಂದು ಹೆಸರು ಹಚ್ಚುವ ದಿನವೇ ಬರೆದಿಡಬೇಕು. ಭಾನುವಾರದ ಉದ್ದ ನಡಿಗೆ ಓಟಕ್ಕಾಗಿ, ಸ್ಟೇಷನ್ನಿನ ನಡಿಗೆ ಯಾವುದಕ್ಕಾಗಿಯೂ ಅಲ್ಲ. ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿದರೆ ಫೆಬ್ರವರಿಯಲ್ಲಿ ಎರಡೂ ಬೀಳುತ್ತವೆ.

ಕಾಲುಗಂಟು

ಮೊಣಕಾಲಿನವರು ಬಂದೆವು.

ಇಷ್ಟು ಹೊತ್ತು ಯಾರೂ ಸ್ನಾಯುವಿನ ಮಾತೆತ್ತಲಿಲ್ಲ. ತಿನ್ನುವುದನ್ನು ಕಡಿಮೆ ಮಾಡಿ ಬರೀ ನಡೆದರೆ ಇಳಿಯುವ ತೂಕದಲ್ಲಿ ಒಂದು ಪಾಲು ಸ್ನಾಯುವಿನದ್ದೇ ಆಗಿರುತ್ತದೆ. ಅದೇ 2020ರ ಮಾರ್ಗಸೂಚಿಯಲ್ಲಿ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮವೂ ಸೇರಿದೆ, ಜನ ಓದುವಾಗ ಆ ಸಾಲು ಹಾರಿಸುತ್ತಾರೆ. ನಿಮಗೆ ಬುಧವಾರ ರಾತ್ರಿ ಮನೆಗೆ ಬಂದು ಅಡುಗೆ ಬಿಸಿಯಾಗುವ 15 ನಿಮಿಷ, ಮತ್ತು ಶನಿವಾರ ಬೆಳಿಗ್ಗೆ ಸ್ನಾನಕ್ಕೆ ಮೊದಲು 15 ನಿಮಿಷ ಸಾಕು. ಸಾಮಾನು ಮನೆಯಲ್ಲಿರುವುದೇ.

ಕುರ್ಚಿಯಿಂದ ಏಳುವುದು: ಊಟದ ಮೇಜಿನ ಕುರ್ಚಿ, ಹಿಂಬದಿ ಗೋಡೆಗೆ ತಾಗಿರಲಿ. ಕೈ ಎದೆಗೆ ಕಟ್ಟಿ ಏಳಿ, ಇಳಿಯುವಾಗ ಮನಸ್ಸಿನಲ್ಲಿ ಮೂರು ಎಣಿಸಿ. 8 ಸಲ. ಧೊಪ್ಪೆಂದು ಕೂತರೆ ಆ ಸಲದ್ದು ಲೆಕ್ಕಕ್ಕಿಲ್ಲ. ಮೊಣಕಾಲು ಒಳಗೆ ವಾಲಬಾರದು, ಕಾಲಿನ ಎರಡನೇ ಬೆರಳಿನ ನೇರಕ್ಕೆ ಇರಬೇಕು.

ಅಡುಗೆ ಕಟ್ಟೆಗೆ ಪುಶಪ್: ಎರಡು ಕೈ ಕಟ್ಟೆಯ ಅಂಚಿಗೆ, ಕಾಲು ಹಿಂದೆ, ತಲೆಯಿಂದ ಹಿಮ್ಮಡಿವರೆಗೆ ಒಂದೇ ಗೆರೆ. 8 ಸಲ. ನೆಲದ ಮೇಲೆ ಈಗಲೇ ಬೇಡ, ಹೆಚ್ಚಿನವರಿಗೆ ಸೊಂಟ ಜೋಲುತ್ತದೆ.

ಬ್ಯಾಗ್ ಎಳೆಯುವುದು: ಲ್ಯಾಪ್‌ಟಾಪ್ ತೆಗೆದು ಒಂದು ಲೀಟರಿನ 4 ನೀರಿನ ಬಾಟಲಿ ಹಾಕಿ. ಒಂದು ಕೈ ಕುರ್ಚಿಯ ಮೇಲೆ, ಸೊಂಟದಿಂದ ಬಗ್ಗಿ, ಇನ್ನೊಂದು ಕೈಯಲ್ಲಿ ಬ್ಯಾಗನ್ನು ಪಕ್ಕೆಲುಬಿನ ತನಕ ಎಳೆಯಿರಿ. ಕೈಗೆ 10. ಗಾಡಿಯಲ್ಲಿ ಫೋನಿಗೆ ಬಗ್ಗಿದ ಬೆನ್ನಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಮಲಗಿ ಸೊಂಟ ಎತ್ತುವುದು 10, ಮೇಲೆ ಎರಡು ಎಣಿಸುವವರೆಗೆ. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು 12.

ಇಷ್ಟು ಒಂದು ಸುತ್ತು. ಮೊದಲ ಎರಡು ವಾರ ಎರಡು ಸುತ್ತು, ಮುಂದೆ ಮೂರು. ಸುತ್ತು ಮುಗಿದಾಗ "ಇನ್ನೂ ಎರಡೋ ಮೂರೋ ಮಾಡಬಹುದಿತ್ತು" ಅನ್ನಿಸಬೇಕು. ಅದಕ್ಕಿಂತ ಹೆಚ್ಚು ಉಳಿದಿದ್ದರೆ ಹಗುರಾಯಿತು, 12ರವರೆಗೆ ಏರಿಸಿ. ಕುರ್ಚಿಯದ್ದರಲ್ಲಿ 12 ಸಲೀಸಾದರೆ 5 ಕೆಜಿ ಹಿಟ್ಟಿನ ಚೀಲ ಎದೆಗೆ ಅವಚಿಕೊಂಡು ಮತ್ತೆ 8ರಿಂದ. ಉಸಿರು ಕಟ್ಟಬೇಡಿ, ಎತ್ತುವಾಗ ಬಿಡಿ.

ಮರುದಿನದಿಂದ ಮೂರು ದಿನದವರೆಗೆ ತೊಡೆಯಲ್ಲಿ ಮಂದ ನೋವು ಸಹಜ. ಗಂಟಿನಲ್ಲಿ ಚುಚ್ಚುವ ನೋವು, ಬಾವು ಬಂದರೆ ನಿಲ್ಲಿಸಿ ತೋರಿಸಿ. ಬೆಳಿಗ್ಗೆ ಹಾಸಿಗೆಯಿಂದ ಇಟ್ಟ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚಿದರೆ ಅಂಗಾಲಿನ ಪಟ್ಟಿ ಕೆರಳಿದೆ. ನಡಿಗೆಯನ್ನು ಪೂರ್ತಿ ಬಿಡದೆ ಅರ್ಧಕ್ಕೆ ಇಳಿಸಿ, ಮೀನಖಂಡವನ್ನು ಗೋಡೆಗೆ ಒತ್ತಿ 30 ಸೆಕೆಂಡಿನಂತೆ ಮೂರು ಸಲ ಎಳೆಯಿರಿ, ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿಯನ್ನು ಅಂಗಾಲಿನ ಕೆಳಗೆ ಉರುಳಿಸಿ. ಶೂ ಕೊಳ್ಳುವುದು ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರುವಾಗ. ಮುಂದೆ ಹೆಬ್ಬೆರಳಿನ ಅಗಲದ ಜಾಗ ಇರಲಿ.

ಎಲ್ಲರಿಗೂ ಸೇರಿಸಿ ಒಂದು ಮಾತು: ನಡೆಯುವಾಗ ಎದೆ ಹಿಂಡಿದರೆ, ನೋವು ದವಡೆಗೆ ಅಥವಾ ಕೈಗೆ ಹರಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿ, ಕೂಡಲೇ ಆಸ್ಪತ್ರೆಗೆ. ಶುಗರಿಗೆ ಗ್ಲಿಮೆಪಿರೈಡ್ ತರಹದ ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ನಡಿಗೆ ಶುರು ಮಾಡುವ ಮೊದಲು ಡಾಕ್ಟರಿಗೆ ಹೇಳಬೇಕು, ಸಕ್ಕರೆ ಇಳಿದು ದಾರಿಯಲ್ಲೇ ಕಣ್ಣು ಕತ್ತಲೆ ಬರಬಹುದು.

ಮೀರಾ ರೋಡ್ ಅಕ್ಕ

ನಡುವೆ ಬಾಯಿ ಹಾಕುತ್ತೇನೆ, ಬೇಸರ ಮಾಡಬೇಡಿ. ಪ್ರಾಯ 56, ತೂಕ 76. ಸೊಸೈಟಿಯ ಕಾಂಪೌಂಡಿನಲ್ಲಿ ಬೆಳಿಗ್ಗೆ 20 ಸುತ್ತು, ಒಂದು ವರ್ಷದಿಂದ. ಬಲ ಮೊಣಕಾಲು ನೋವು, ತೂಕ ಅಷ್ಟೇ ಇದೆ. ಮೆಟ್ಟಿಲು ಹತ್ತಿದರೆ ಒಳ್ಳೆಯದು ಎನ್ನುತ್ತಾರೆ, ಹತ್ತಬೇಕಾ?

ಕಾಲುಗಂಟು

ಅಕ್ಕ, ಮೊದಲು ಸುತ್ತಿನ ದಿಕ್ಕು. 20 ಸುತ್ತನ್ನೂ ಒಂದೇ ಕಡೆಗೆ ಹಾಕಿದರೆ ಪ್ರತಿ ತಿರುವಿನಲ್ಲಿ ಒಂದೇ ಕಾಲಿಗೆ ತಿರುಚು. 10 ಆ ಕಡೆ, 10 ಈ ಕಡೆ ಮಾಡಿ. ಮನೆಯ ರಬ್ಬರ್ ಚಪ್ಪಲಿಯಲ್ಲಿ ಕಾಂಕ್ರೀಟಿನ ಮೇಲೆ ನಡೆಯುತ್ತಿದ್ದರೆ ಅದನ್ನು ಇವತ್ತೇ ಬಿಡಿ.

ಒಂದು ವರ್ಷದಿಂದ ಅದೇ ದೂರ, ಅದೇ ವೇಗ ಆದ್ದರಿಂದ ದೇಹಕ್ಕೆ ಅದು ರೂಢಿಯಾಗಿ ಹೋಗಿದೆ. ಸುತ್ತು ಹೆಚ್ಚಿಸಬೇಡಿ. ಎರಡು ಸುತ್ತು ಮಾಮೂಲಿ, ಒಂದು ಸುತ್ತು ಬಸ್ಸು ತಪ್ಪುತ್ತದೆ ಎಂಬ ಹಾಗೆ ಬೀಸಾಗಿ, ಹೀಗೆ ತಿರುಗಿಸಿ ತಿರುಗಿಸಿ ಮಾಡಿ. ನೋವು ಹೆಚ್ಚಾದರೆ ಬೀಸು ಬಿಡಿ, ಬಲಪಡಿಸುವುದನ್ನು ಬಿಡಬೇಡಿ.

ಮೊಣಕಾಲಿಗೆ: ಹಾಸಿಗೆಯ ಮೇಲೆ ಅಂಗಾತ ಮಲಗಿ, ಎಡಗಾಲು ಮಡಚಿ, ಬಲಗಾಲನ್ನು ನೆಟ್ಟಗೆ ಇಟ್ಟು ಒಂದು ಅಡಿ ಎತ್ತಿ, ಐದು ಎಣಿಸಿ ಇಳಿಸಿ. 10 ಸಲ, ಆಮೇಲೆ ಇನ್ನೊಂದು ಕಾಲು. ದಿನಾ. ಕುರ್ಚಿಯ ಮೇಲೆ ಗಟ್ಟಿ ದಿಂಬು ಇಟ್ಟು ಎತ್ತರ ಮಾಡಿ, ಏಳುವುದು 6 ಸಲ, ದಿನ ಬಿಟ್ಟು ದಿನ. ಎಂಟು ವಾರ ಕೊಡಿ.

ಮೆಟ್ಟಿಲು ಸದ್ಯಕ್ಕೆ ಬೇಡ. ಹತ್ತಲೇಬೇಕಾದರೆ ಹತ್ತಿ, ಲಿಫ್ಟಿನಲ್ಲಿ ಇಳಿಯಿರಿ. ಇಳಿಯುವಾಗಲೇ ಮೊಣಕಾಲು ಹೆಚ್ಚು ಕೆರಳುವುದು. ಅಂದಹಾಗೆ ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ, ತಕ್ಕಡಿಯವರು ಬರೆದ ಎಣ್ಣೆಯ ಲೆಕ್ಕ ನಿಮ್ಮ ಮನೆಗೂ ಹಾಕಿ.

7:22ರ ಲೋಕಲ್

ಎಲ್ಲರಿಗೂ ಧನ್ಯವಾದ. ಹನ್ನೆರಡು ದಿನ ಆಯಿತು. ಹತ್ತು ಗುರುತು, ಅದರಲ್ಲಿ ಎರಡು "ಹೆಸರಿಗೆ". ಎರಡು ಪ್ರಶ್ನೆ ಉಳಿದಿವೆ. ಒಂದು, ತೂಕ 84 ಇದ್ದದ್ದು 84.8 ಆಗಿದೆ! ಎಣ್ಣೆ-ಸಕ್ಕರೆ ಇಳಿಸಿಯೂ. ಇನ್ನೊಂದು, ಜೂನ್ ಎರಡನೇ ವಾರ ಮಳೆ ಹಿಡಿದರೆ ಅಕ್ಟೋಬರ್ ಮೊದಲ ವಾರದವರೆಗೆ ಏನು ಮಾಡುವುದು?

ತಕ್ಕಡಿ

800 ಗ್ರಾಂ ನೀರು. ಹೊಸದಾಗಿ ದುಡಿದ ಸ್ನಾಯು ರಿಪೇರಿಗೆ ನೀರು ಹಿಡಿದಿಡುತ್ತದೆ, ಜೊತೆಗೆ ಗ್ಲೈಕೋಜನ್ (ದೇಹ ಕೂಡಿಡುವ ಸಕ್ಕರೆಯ ರೂಪ) ತುಂಬಿಕೊಳ್ಳುತ್ತದೆ, ಅದರ ಪ್ರತಿ ಗ್ರಾಮಿಗೆ ಸುಮಾರು 3 ಗ್ರಾಂ ನೀರು. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ ಜೋರಾಗಿದ್ದರೂ ಬೆಳಿಗ್ಗೆ ಅರ್ಧ ಕಿಲೋ ಏರುತ್ತದೆ. 800 ಗ್ರಾಂ ಕೊಬ್ಬು ಸೇರಬೇಕಾದರೆ ಹನ್ನೆರಡು ದಿನದಲ್ಲಿ 6,000 ಕ್ಯಾಲೊರಿ ಹೆಚ್ಚಿಗೆ ತಿಂದಿರಬೇಕು, ದಿನಕ್ಕೆ 500. ನೀವು ತಿಂದಿಲ್ಲ.

ತೂಗುವ ಕ್ರಮ ಬದಲಿಸಿ. ದಿನಾ ಬೆಳಿಗ್ಗೆ ಶೌಚ ಆದ ಮೇಲೆ, ಚಾಕ್ಕೆ ಮೊದಲು, ಗಟ್ಟಿ ಟೈಲ್ಸಿನ ಅದೇ ಜಾಗದಲ್ಲಿ ತಕ್ಕಡಿ ಇಟ್ಟು. ಅಂಕಿ ಬರೆದು ಮರೆತುಬಿಡಿ. ಭಾನುವಾರ ಏಳೂ ಅಂಕಿ ಕೂಡಿಸಿ ಏಳರಿಂದ ಭಾಗಿಸಿ, ಹಿಂದಿನ ವಾರದ ಸರಾಸರಿಗೆ ಹೋಲಿಸಿ. ನಾಲ್ಕು ಸರಾಸರಿ ಕೈಯಲ್ಲಿ ಇಲ್ಲದೆ ಯಾವ ತೀರ್ಮಾನಕ್ಕೂ ಬರಬೇಡಿ. ದಿನಾ ಅಂಕಿ ನೋಡಿ ಮನಸ್ಸು ಕೆಡುವ ಸ್ವಭಾವ ಆದರೆ ತಕ್ಕಡಿ ಬಿಟ್ಟು ಟೇಪು ಹಿಡಿಯಿರಿ: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯೆ, ಸಹಜವಾಗಿ ಉಸಿರು ಬಿಟ್ಟ ಮೇಲೆ, ಎರಡು ವಾರಕ್ಕೊಮ್ಮೆ. ಭಾರತೀಯ ಗಂಡಸರಿಗೆ 90 ಸೆಂಮೀ, ಹೆಂಗಸರಿಗೆ 80 ದಾಟಿದರೆ ಹೊಟ್ಟೆಯ ಕೊಬ್ಬು ಹೆಚ್ಚು ಎಂದು ಲೆಕ್ಕ.

ಮೊದಲ ಗುರಿ 80 ಕೆಜಿ, ನಾಲ್ಕೈದು ತಿಂಗಳಲ್ಲಿ. ಅದು ನಿಮ್ಮ ತೂಕದ ಸುಮಾರು 5 ಪ್ರತಿಶತ, ಗಡಿಯ ಶುಗರಿಗೆ ಅಷ್ಟೇ ಇಳಿಕೆಯೂ ಗುಣ ಕೊಡುತ್ತದೆ.

ಗೋಡೆ ಕ್ಯಾಲೆಂಡರ್

ಹನ್ನೆರಡಕ್ಕೆ ಹತ್ತು ಅಂದರೆ ಜೋರೇ ಉಂಟು.

ಮಳೆಗೆ ಎರಡು ದಾರಿ. ಜಿನುಗು ಮಳೆಯಾದರೆ ನಡಿಗೆಯೇ, ಕೊಡೆ ಹಿಡಿದು. ಶೂ ಬೇಡ, ಹಿಂದೆ ಪಟ್ಟಿ ಇರುವ, ಗಟ್ಟಿ ರಬ್ಬರ್ ಅಟ್ಟೆಯ ಸ್ಯಾಂಡಲ್. ಒದ್ದೆ ಕಾಲುಚೀಲದಲ್ಲಿ ಎರಡೇ ದಿನಕ್ಕೆ ಬೊಬ್ಬೆ, ಬೆರಳ ಸಂದಿನಲ್ಲಿ ಹುಣ್ಣು. ಬೀಸುವ ಮಳೆ, ರಸ್ತೆಯಲ್ಲಿ ನೀರು ಅಂದರೆ ರಿಕ್ಷಾ ಹಿಡಿದು ಬನ್ನಿ, ಆದರೆ ಬಿಲ್ಡಿಂಗಿನ ಲಿಫ್ಟಿನ ಬಟನ್ ಒತ್ತಬೇಡಿ. ನೆಲಮಹಡಿಯಿಂದ ಏಳನೇ ಮಹಡಿಗೆ ಹತ್ತಿ, ಲಿಫ್ಟಿನಲ್ಲಿ ಇಳಿದು, ಮತ್ತೆ ಹತ್ತಿ. ಮೂರು ಸಲ. ಒಂದು ಹತ್ತಿಗೆಗೆ ನಿಮ್ಮ ತೂಕಕ್ಕೆ 20 ಕ್ಯಾಲೊರಿಯ ಆಸುಪಾಸು, ಮೂರಕ್ಕೆ 60, ನಡಿಗೆಗೆ ಹತ್ತಿರವೇ ಬಂತು. ಮೊದಲ ವಾರ ಒಂದೇ ಸಲ, ವಾರಕ್ಕೊಂದು ಏರಿಸಿ. ಮೆಟ್ಟಿಲು ಒದ್ದೆ ಇದ್ದರೆ ಕೈ ಕಂಬಿಯ ಮೇಲಿರಲಿ. ಗಡಿಬಿಡಿಯಲ್ಲಿ ಎರಡೆರಡು ಮೆಟ್ಟಿಲು ಹಾರುವುದು ಬೇಡ.

ಈ ಬದಲಿ ವಾಕ್ಯವನ್ನೂ ಈಗಲೇ ಬರೆದಿಡಿ, ಮಳೆ ಬಂದ ದಿನ ಯೋಚಿಸಬೇಡಿ: "ರಿಕ್ಷಾದಿಂದ ಗೇಟಿನಲ್ಲಿ ಇಳಿದರೆ, ಬ್ಯಾಗ್ ವಾಚ್‌ಮನ್ನನ ಹತ್ತಿರ ಇಟ್ಟು ಮೆಟ್ಟಿಲಿಗೆ."

ಕಾಲುಗಂಟು

ಮೆಟ್ಟಿಲಿಗೆ ಒಪ್ಪಿಗೆ ಇದೆ, ಇವರ ಮೊಣಕಾಲು ಚೆನ್ನಾಗಿರುವುದರಿಂದ. ಮೀರಾ ರೋಡಿನ ಅಕ್ಕ ಇದನ್ನು ಓದಿ ಹತ್ತಲು ಹೋಗಬೇಡಿ.

ಕಾಲಿನಲ್ಲಿ ಗಾಯ, ಒಡಕು, ಉಗುರು ಕಿತ್ತದ್ದು ಇದ್ದರೆ ನಿಂತ ಮಳೆನೀರಿಗೆ ಇಳಿಯಬೇಡಿ, ಲೆಪ್ಟೊಸ್ಪೈರೋಸಿಸ್ (ಇಲಿ ಜ್ವರ) ಪ್ರತಿ ಮಳೆಗಾಲ ಈ ಊರಲ್ಲಿ ಬರುವ ಕಾಯಿಲೆ. ಇಳಿಯಲೇಬೇಕಾಯಿತೆಂದರೆ ಮನೆಗೆ ಬಂದು ಸೋಪಿನಲ್ಲಿ ತೊಳೆದು, ಮಾರನೇ ದಿನವೇ ಡಾಕ್ಟರಿಗೆ ತೋರಿಸಿ. ಮುಂಜಾಗ್ರತೆಯ ಮಾತ್ರೆ ಬೇಕೋ ಬೇಡವೋ ಅವರು ಹೇಳುತ್ತಾರೆ.

ಜ್ವಾಳದ ರೊಟ್ಟಿ

ಶೂ ತೋಯ್ದ್ರ ಒಳಗಿನ ಅಟ್ಟಿ ಹೊರಗ ತಗದು, ಹಳೇ ಪೇಪರ್ ಉಂಡಿ ಮಾಡಿ ತುರುಕಿ ಫ್ಯಾನಿನ ಕೆಳಗ ಇಡ್ರಿ. ಎರಡು ತಾಸಿಗೆ ಪೇಪರ್ ಬದಲಿ ಮಾಡ್ರಿ, ಮುಂಜಾನಿಗೆ ಒಣಗಿರ್ತಾವ. ಗ್ಯಾಸಿನ ಒಲಿ ಮುಂದ ಇಟ್ಟು ಕಾಯಿಸಬ್ಯಾಡ್ರಿ, ಅಂಟು ಬಿಟ್ಟು ಅಟ್ಟಿ ಕಳಚಿ ಕೈಗೆ ಬರ್ತದ.